ಕತೆಯನ್ನು ಹೇಳುವವರು ಯಾರು?

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ. ಶ. 634ರ ಶಾಸನವೊಂದಿದೆ. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಬಣ್ಣಿಸಿದ ರವಿಕೀರ್ತಿಯು ಕಟ್ಟಕಡೆಗೆ ಕಾಳಿದಾಸ, ಭಾರವಿಯರ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಳ್ಳುತ್ತಾನೆ. ಆಗಲೂ ಅವನು ‘ನಾನು’ ಎನ್ನುವುದಿಲ್ಲ. ಬೇರೊಬ್ಬನನ್ನು ಹೊಗಳುವಂತೆ ತನ್ನ ಹೆಸರನ್ನೇ ಹೇಳುತ್ತಾನೆ. ಅದೇ ಹುನಗುಂದ ಸೀಮೆಯ ಕೂಡಲಸಂಗಮನನ್ನು ಅಂಕಿತವಾಗಿಸಿಕೊಂಡ ಬಸವಣ್ಣನವರಾದರೋ, ಐದು ಶತಮಾನಗಳ ತರುವಾಯ, ತಮ್ಮ ಅಳುಕನ್ನೂ ಕೊರತೆಯನ್ನೂ ‘ನಾನು’ ಎಂದೇ ತೋಡಿಕೊಂಡರು. ಕೀರ್ತಿಗೊಂದು ಪುರುಷ, ನಿವೇದನೆಗಿನ್ನೊಂದು.

ಕಾದಂಬರಿಕಾರನ ಮುಂದಿರುವ ಆಯ್ಕೆಯೂ ಇದೇ. (ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮಪುರುಷ, ‘ಅವನು’ ಪ್ರಥಮಪುರುಷ. ಇಂಗ್ಲಿಷಿನ ಎಣಿಕೆ ಇದಕ್ಕೆ ತಲೆಕೆಳಗು. ವಿದ್ಯಾರ್ಥಿಗಳು ಪ್ರತಿವರ್ಷವೂ ಇಲ್ಲಿ ಎಡವುತ್ತಾರೆ.) ಹೊಸದಾಗಿ ಬರೆಯುವವರು ‘ನಾನು’ ಸುಲಭವೆಂದು ಹಿಡಿಯುವುದುಂಟು. ಆದರೆ ‘ನಾನು’ ಎಂದವನು ತಾನು ಕಂಡು ಕೇಳಿದ್ದರ ಆಚೆಗೆ ಕಾಲಿಡುವಂತಿಲ್ಲ.

ಈ ಕಟ್ಟಳೆಯೇ ಬಲವಾಗುವ ಬಗೆಯನ್ನು ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ತೋರಿಸುತ್ತದೆ. ಒಂದು ವಸ್ತುವನ್ನು ಮುಟ್ಟಿದೊಡನೆ ಅಜ್ಜಿಗೆ ಅದರ ಗತಕಾಲ ಕಾಣುತ್ತದೆ. ಇದನ್ನು ಕಾರಂತರೇ ನಿರೂಪಿಸಿದ್ದರೆ ಅಜ್ಜಿಯ ದರ್ಶನಕ್ಕೆ ಅವರೇ ಜಾಮೀನು ನಿಲ್ಲಬೇಕಾಗುತ್ತಿತ್ತು. ಹೇಳುವವನು ಮೊಮ್ಮಗ ಸುಬ್ಬರಾಯ. ಬೆರಗು, ಸಂದೇಹಗಳೆರಡೂ ಅವನವು. ಅವನೊಡನೆ ನಾವೂ ನಂಬುತ್ತ, ತೂಗುತ್ತ ಸಾಗುತ್ತೇವೆ.

ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಪ್ರಾಣೇಶಾಚಾರ್ಯನೇ ಹೇಳಿದ್ದರೆ? ತನ್ನ ಕತೆಯನ್ನು ಹೇಳಕುಳಿತವನು ಸಾಮಾನ್ಯವಾಗಿ ಸಂಕಟವನ್ನು ದಾಟಿ ಬಂದವನು. ಅವನ ದನಿಯಲ್ಲಿ ತೀರ್ಪು ಆಗಲೇ ಸೇರಿರುತ್ತದೆ. ಆಚಾರ್ಯನಿಗೋ ತೀರ್ಪೇ ಸಿಕ್ಕಿಲ್ಲ. ಆದುದರಿಂದ ಲೇಖಕರು ‘ಅವನು’ ಎನ್ನುತ್ತಲೇ ಅವನ ಮನಸ್ಸಿನೊಳಗೆ ಇಳಿದರು. ಅದೇ ಸರಿಯಾದ ದಾರಿಯೆಂದು ನನ್ನ ಎಣಿಕೆ.

ನಮ್ಮ ಸೀಮೆಯಲ್ಲಿ ಇನ್ನೂ ಬರೆಯಬೇಕಾದ ಕತೆಗಳಿವೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳನ್ನು ನುಂಗಿತು. ಜನ ನವನಗರಕ್ಕೆ ಸಾಗಿದರು. ಮನೆ ಬಿಟ್ಟು ಹೊರಟ ಮುದುಕಿಯೊಬ್ಬಳ ಕತೆಯನ್ನು ಮೊಮ್ಮಗ ಹೇಳುವನೆನ್ನಿ. ಅವಳು ಹೊಸ್ತಿಲ ಬಳಿ ನಿಂತದ್ದು, ಕದದ ಮೇಲೆ ಕೈಯಾಡಿಸಿದ್ದು ಅವನಿಗೆ ಕಂಡೀತು. ಅವಳೇನು ನೆನೆದಳೆಂಬುದು ಅವನಿಗೆ ತಿಳಿಯದು. ಆ ತಿಳಿಯದಿರುವಿಕೆಯೇ ಕತೆಯ ನೋವಾಗಬಹುದು. ‘ಅವಳು’ ಎಂದು ಲೇಖಕನೇ ಹೊರಟರೆ ಒಳಗೆ ಹೋಗಲು ಅಪ್ಪಣೆಯುಂಟು. ಆದರೆ ಆ ಅಡುಗೆಮನೆಯಲ್ಲಿ ಯಾವ ಪಾತ್ರೆ ಎಲ್ಲಿತ್ತು, ಸೊಸೆಯನ್ನು ಅವಳು ಯಾವ ಮಾತಿನಲ್ಲಿ ಗದರುತ್ತಿದ್ದಳು, ಎಲ್ಲವೂ ಅವನಿಗೆ ಗೊತ್ತಿರಬೇಕು.