ಕೈಕಸಬಿನ ಶಾಲೆಗೆ ಕೊಡುವ ದಾನ

ದಾನವೆಂದೊಡನೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಅನ್ನದಾನ, ಅನಂತರ ವಿದ್ಯಾದಾನ. ವಿದ್ಯೆಯೆಂಬ ಮಾತಿನಲ್ಲಿ ಅಕ್ಷರವಿದ್ಯೆಯನ್ನಷ್ಟೇ ಎಣಿಸಿ ಕೈಯ ವಿದ್ಯೆಯನ್ನು ಬಿಟ್ಟುಬಿಡುವುದು ನಗರವಾಸಿಗಳಾದ ನಮ್ಮಲ್ಲಿ ರೂಢಿಯಾಗಿಹೋಗಿದೆ. ಕೈಕಸಬನ್ನು ಕಲಿಸುವ ಶಾಲೆಗೂ ದಾನ ಬೇಕು; ಆದರೆ ಆ ಹಣ ಅಲ್ಲಿ ಯಾವ ಕೆಲಸಕ್ಕೆ ಒದಗುತ್ತದೆಂಬುದನ್ನು ತಿಳಿದು ಕೊಡುವವರು ವಿರಳ. ಅದನ್ನೇ ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೈಸೂರಿನಿಂದ ಹೊರಟು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳನ್ನು ಒಂದು ಸುತ್ತು ಹಾಕಿ ಬಂದವರಿಗೆ ಕುಶಲಕರ್ಮದ ಮೇಲ್ಮೆಯನ್ನು ಬೇರೆ ಹೇಳಬೇಕಾಗಿಲ್ಲ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವೂ, 1784ರಲ್ಲಿ ಮುಗಿದ ದರಿಯಾ ದೌಲತ್ತಿನ ಗೋಡೆಗಳೂ ಸಾಕ್ಷಿಯಾಗಿ ನಿಂತಿವೆ. ಆ ಕೆಲಸಗಾರರನ್ನು ದೇವಾಲಯವೋ ಅರಮನೆಯೋ ಸಾಕಿತು. ಅವರ ಮಕ್ಕಳು ತಂದೆಯ ಮಗ್ಗುಲಲ್ಲಿ ಕುಳಿತು ಕಲಿತರು. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಕಟ್ಟಡಕ್ಕೆ 1906ರಲ್ಲಿ ಅಸ್ತಿವಾರದ ಕಲ್ಲನ್ನಿಟ್ಟಾಗಲೂ ಅದರ ಬೆನ್ನಿಗೆ ಸಂಸ್ಥಾನದ ಬೊಕ್ಕಸವಿತ್ತು. ಇಂದು ಆ ಆಶ್ರಯವಿಲ್ಲ. ತಂದೆಯ ಮಗ್ಗುಲಲ್ಲಿ ಕೂರಬೇಕಾದ ಹುಡುಗ ಬೆಂಗಳೂರಿನ ಕಾರ್ಖಾನೆಗೆ ಹೋಗುತ್ತಾನೆ. ಅವನನ್ನು ತಪ್ಪೆನ್ನಲಾಗದು, ಅಲ್ಲಿ ಮೊದಲನೆಯ ತಿಂಗಳೇ ಸಂಬಳ ಉಂಟು.

ಕೈಕಸಬಿನಲ್ಲಿ ಮೊದಲ ವರ್ಷಗಳು ನಷ್ಟದ ವರ್ಷಗಳು. ನಾಗಮಂಗಲದ ಎರಕವನ್ನೇ ನೋಡೋಣ. ಲೋಹದ ಉತ್ಸವಮೂರ್ತಿಗಳಿಗೆ ಹೆಸರಾದ ಊರು ಅದು. ಈ ಕಸಬಿನ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ. ಜೇನುಮೇಣಕ್ಕೆ ರಾಳವನ್ನು ಬೆರೆಸಿ ಮೂರ್ತಿಯನ್ನು ತಿದ್ದುವುದು. ಅದನ್ನು ತೂಗಿ, ಸುಮಾರು ಎಂಟೊಂಬತ್ತರಷ್ಟು ತೂಕದ ಲೋಹವನ್ನು ಎತ್ತಿಡುವುದು. ಮೇಣದ ಮೇಲೆ ಮೊದಲು ನಯವಾದ ಮಣ್ಣನ್ನೂ ಅದು ಆರಿದ ಮೇಲೆ ಒರಟು ಮಣ್ಣನ್ನೂ ಮೆತ್ತುವುದು. ಕಾಯಿಸಿ ಮೇಣವನ್ನು ಇಳಿಸಿ, ಅದು ಬಿಟ್ಟುಹೋದ ಟೊಳ್ಳಿಗೆ ಕರಗಿದ ಲೋಹವನ್ನು ಎರೆಯುವುದು. ಹೇಳುವುದಕ್ಕೆ ಇಷ್ಟೆ. ಆದರೆ ಮಣ್ಣಿನಲ್ಲಿ ಸ್ವಲ್ಪ ತೇವ ಉಳಿದಿದ್ದರೆ ಅದು ಆವಿಯಾಗಿ ಅಚ್ಚೇ ಸಿಡಿಯಬಹುದು. ಗಾಳಿ ಹೊರಡುವ ಕಂಡಿ ಸರಿಯಾಗಿಲ್ಲದಿದ್ದರೆ ಮೂರ್ತಿಯ ಬೆರಳುಗಳೇ ಮೂಡವು. ಅಚ್ಚನ್ನು ಒಡೆದು ನೋಡುವವರೆಗೆ ಗುರುವಿಗೂ ಫಲ ತಿಳಿಯದು. ಒಡೆದ ಅಚ್ಚಿನಿಂದ ಎರಡನೆಯ ಮೂರ್ತಿಯನ್ನು ತೆಗೆಯುವಂತೆಯೂ ಇಲ್ಲ.

ಕೆಟ್ಟ ಮೂರ್ತಿಯನ್ನು ಮರಳಿ ಕರಗಿಸಬಹುದು, ನಿಜ. ಇಳಿದ ಮೇಣವನ್ನೂ ಹಿಡಿದಿಡಬಹುದು. ಆದರೆ ಕಿಟ್ಟವಾಗಿ ಹೋದ ಲೋಹ, ಸುಟ್ಟ ಇದ್ದಿಲು, ಗುರುವಿನ ವಾರಗಟ್ಟಲೆಯ ಹೊತ್ತು ಹಿಂದಿರುಗಿ ಬಾರವು. ಹುಡುಗನ ಕೈ ಕುದುರುವವರೆಗೆ ಇಂತಹ ಎರಕಗಳು ಎಷ್ಟೋ ಕೆಡಬೇಕು. ಅವನ್ನು ಕೊಳ್ಳುವವರಾರು? ಗುರುವೇ ಆ ನಷ್ಟವನ್ನು ಹೊರಬೇಕೆಂದರೆ ಅವನು ಶಿಷ್ಯನ ಕೈಗೆ ಮೂಸೆಯನ್ನೇ ಕೊಡುವುದಿಲ್ಲ. ಅರದಿಂದ ಉಜ್ಜುವ ಕೆಲಸಕ್ಕೆ ಹಚ್ಚಿ ಸುಮ್ಮನಿರುತ್ತಾನೆ. ಕಸಬು ನಶಿಸುವುದಕ್ಕೆ ಇದೂ ಒಂದು ದಾರಿ.

ದಾನದ ಹಣ ಒದಗಬೇಕಾದದ್ದು ಈ ಸ್ಥಳದಲ್ಲಿ. ಕೊಳ್ಳುವವರ ಹಣ ಗುರುವನ್ನು ಸಾಕುತ್ತದೆ. ಶಿಷ್ಯನನ್ನು ಸಾಕುವುದಕ್ಕೆ ಕೊಡುವವರ ಹಣವೇ ಬೇಕು. ಒಂದು ವಿಗ್ರಹವನ್ನೋ ಪಂಚೆಯನ್ನೋ ಕೊಂಡುತಂದು ಕಸಬಿಗೆ ಉಪಕಾರ ಮಾಡಿದೆವೆಂದು ನಾವು ತಿಳಿಯುವುದುಂಟು. ಅದು ಉಪಕಾರವೇ, ಆದರೆ ಅರ್ಧ ಮಾತ್ರ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ, ಜಯಪ್ರಕಾಶ ನಾರಾಯಣರ ಆಪ್ತಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಜನಪದ ಸೇವಾ ಟ್ರಸ್ಟನ್ನು ಸ್ಥಾಪಿಸಿದರು. ಅನಾಥ ಮಕ್ಕಳ ಪೋಷಣೆಯ ಜತೆಗೆ ಖಾದಿಯ ನೇಯ್ಗೆಯನ್ನೂ ಸಸ್ಯಜನ್ಯ ಬಣ್ಣಗಳ ಕೆಲಸವನ್ನೂ ಆ ಸಂಸ್ಥೆ ಕೈಗೊಂಡಿತು. ನೇಯ್ಗೆ ಎರಕದಷ್ಟು ನಿಷ್ಠುರವಲ್ಲ. ಕಲಿಯುವವರ ಕೈಯಲ್ಲಿ ಹಾಸಿನ ಎಳೆ ಹರಿದರೆ ಗಂಟು ಹಾಕಬಹುದು. ಅಂಚು ಡೊಂಕಾದ ಬಟ್ಟೆ ಒರಸುವುದಕ್ಕಾದರೂ ಆದೀತು. ಹಾಗಿದ್ದರೂ ನೂಲಿನ ಬೆಲೆಯೂ, ಕಲಿಯುವವರ ಊಟವೂ, ಕಲಿಸುವವರ ಕೂಲಿಯೂ ಆ ಡೊಂಕು ಬಟ್ಟೆಯಿಂದ ಹುಟ್ಟಲಾರವು.

ನಮ್ಮ ದಾನಿಗಳಿಗೆ ಕಟ್ಟಡದ ಮೇಲೆ ಮೋಹ ಹೆಚ್ಚು. ಗೋಡೆಯ ಮೇಲೆ ಹೆಸರನ್ನು ಕೆತ್ತಿಸಬಹುದು. ಕೆಟ್ಟುಹೋದ ಎರಕದ ಮೇಲೆ ಯಾರ ಹೆಸರನ್ನು ಕೆತ್ತಿಸಿಯಾರು! ಈ ವಿಷಯದಲ್ಲಿ ಹಿಂದಿನವರು ನಮಗಿಂತ ಲೆಕ್ಕ ಬಲ್ಲವರು. ದೇವಾಲಯದ ನಂದಾದೀಪಕ್ಕೆ ಗದ್ಯಾಣಗಳನ್ನು ಬಿಟ್ಟಾಗ, ಅಸಲು ಹಾಗೆಯೇ ನಿಂತು ಬಡ್ಡಿಯಿಂದ ಎಣ್ಣೆ ನಡೆಯುವಂತೆ ಶಾಸನದಲ್ಲಿ ಬರೆಯಿಸುತ್ತಿದ್ದುದುಂಟು. ಕಸಬಿನ ಶಾಲೆಗೂ ಇದೇ ಕ್ರಮ ಸಲ್ಲುತ್ತದೆ. ಒಬ್ಬ ಶಿಷ್ಯನ ಒಂದು ವರ್ಷದ ಊಟಕ್ಕೂ ಅವನು ಕೆಡಿಸಬಹುದಾದ ಸಾಮಗ್ರಿಗೂ ಸಾಲುವಷ್ಟು ಬಡ್ಡಿ ಬರುವ ದತ್ತಿಯನ್ನು ನಾಲ್ಕಾರು ಸ್ನೇಹಿತರು ಕೂಡಿ ಇಡಬಹುದು. ಅಷ್ಟು ಶಕ್ತಿಯಿಲ್ಲದವರು ವರ್ಷ ವರ್ಷವೂ ತಪ್ಪದೆ ಸ್ವಲ್ಪ ಸ್ವಲ್ಪ ಕೊಟ್ಟರೂ ಆದೀತು. ಒಂದು ಸಲ ಬಂದು ನಿಂತುಹೋಗುವ ದೊಡ್ಡ ಹಣವನ್ನು ನಂಬಿ ಶಾಲೆಯವರು ಹೊಸ ಹುಡುಗನನ್ನು ಸೇರಿಸಿಕೊಳ್ಳಲು ಹೆದರುತ್ತಾರೆ. ಮೂರು ವರ್ಷದ ಕಲಿಕೆಯನ್ನು ಒಂದು ವರ್ಷಕ್ಕೆ ನಿಲ್ಲಿಸಿದರೆ ಆ ಹುಡುಗ ಎರಡೂ ಕಡೆಗೆ ಸಲ್ಲದವನಾಗುತ್ತಾನೆ.

ಕೊಡುವ ಮುನ್ನ ಕೇಳುವುದರಲ್ಲಿ ಸಂಕೋಚ ಬೇಡ. ಸರಿಯಾದ ಶಾಲೆ ರಸೀದಿಯನ್ನೂ ವರ್ಷಾಂತ್ಯದ ಲೆಕ್ಕವನ್ನೂ ತೋರಿಸುತ್ತದೆ. ಕಲಿತು ಹೋದವರಲ್ಲಿ ಎಷ್ಟು ಮಂದಿ ಈಗಲೂ ಅದೇ ಕಸಬಿನಲ್ಲಿದ್ದಾರೆಂದು ಹೇಳುತ್ತದೆ. ವೈರಮುಡಿಗೆಂದು ಮೇಲುಕೋಟೆಗೆ ಹೋಗುವವರೂ, ಸೌಮ್ಯಕೇಶವನ ದರ್ಶನಕ್ಕೆ ನಾಗಮಂಗಲಕ್ಕೆ ಹೋಗುವವರೂ ಒಂದು ಗಳಿಗೆ ಮಗ್ಗದ ಮನೆಯನ್ನೋ ಕುಲುಮೆಯನ್ನೋ ಹೊಕ್ಕು, ಕಲಿಯುವವರು ಯಾರಾದರೂ ಇದ್ದಾರೆಯೇ, ಅವರಿಗೆ ತಿಂಗಳಿಗೆ ಎಷ್ಟು ನೂಲು ಬೇಕು, ಎಷ್ಟು ಮೇಣ ಬೇಕು ಎಂದು ವಿಚಾರಿಸಿ ಬರಬಹುದು.