ಬೇಳೆಯಲ್ಲೂ ವಿಕಿರಣ, ಬಂಡೆಯಲ್ಲೂ ವಿಕಿರಣ

ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆ ಸಿರುಗುಪ್ಪದ ಗೊಬ್ಬರದಂಗಡಿಗಳಿಗೆ ಸುಗ್ಗಿ. ಭತ್ತದ ಗದ್ದೆಗೆ ಹೋಗುವ ಚೀಲಗಳ ನಡುವೆ ಇಟ್ಟಿಗೆ ಬಣ್ಣದ ಹರಳಿನ ಪೊಟ್ಯಾಷ್ ಕೂಡ ಇರುತ್ತದೆ. 50 ಕಿಲೋದ ಅಂಥದೊಂದು ಚೀಲದೊಳಗೆ ಪ್ರತಿ ಸೆಕೆಂಡಿಗೆ ಏಳೂವರೆ ಲಕ್ಷಕ್ಕೂ ಹೆಚ್ಚು ಪರಮಾಣುಗಳು ಸಿಡಿದು ವಿಕಿರಣ ಸೂಸುತ್ತಿರುತ್ತವೆ! ಹಮಾಲರು ಹೆಗಲ ಮೇಲೆ ಹೊತ್ತು ಇಳಿಸುವ, ರೈತರು ಬರಿಗೈಯಲ್ಲಿ ಎರಚುವ ಗೊಬ್ಬರವೇ ಇದು. ಸಂಖ್ಯೆ ದೊಡ್ಡದು, ಅದರಿಂದ ಮೈಗೆ ತಗಲುವ ವಿಕಿರಣ ಅತ್ಯಲ್ಪ.

ಇದೆಲ್ಲ ಪೊಟ್ಯಾಸಿಯಂ-40ರ ಕೆಲಸ. ನಿಸರ್ಗದ ಪೊಟ್ಯಾಸಿಯಂನಲ್ಲಿ ಇದರ ಪಾಲು ಶೇ 0.0117 ಮಾತ್ರ. ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷವಾದ್ದರಿಂದ ಭೂಮಿಯ ಜತೆಗೇ ಬಂದ ಸರಕು ಇನ್ನೂ ಖಾಲಿಯಾಗಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿರುವ ಆರ್ಗಾನ್‌ನ ಬಹುಪಾಲು ಹುಟ್ಟಿದ್ದೂ ಇದರ ಕ್ಷಯದಿಂದಲೇ.

ಪೊಟ್ಯಾಸಿಯಂ ಇದ್ದಲ್ಲೆಲ್ಲ ಇದೂ ಇರುತ್ತದೆ. ಒಂದು ಗ್ರಾಂ ಪೊಟ್ಯಾಸಿಯಂ ಎಂದರೆ 31 ಬೆಕ್ಕೆರೆಲ್, ಅಂದರೆ ಸೆಕೆಂಡಿಗೆ 31 ಸಿಡಿತ. ಆ ಲೆಕ್ಕದಲ್ಲಿ ಒಂದು ಬಾಳೆಹಣ್ಣಿಗೆ ಸುಮಾರು 13, ನೂರು ಗ್ರಾಂ ಒಣ ಅಂಜೂರಕ್ಕೆ 20ರ ಆಸುಪಾಸು, ಅಷ್ಟೇ ತೂಕದ ತೊಗರಿಬೇಳೆಗೆ 40ಕ್ಕೂ ಹೆಚ್ಚು. ಬಿಳಿ ಅಕ್ಕಿಗೆ ಮೂರ್ನಾಲ್ಕು ಮಾತ್ರ, ಏಕೆಂದರೆ ಪಾಲಿಷ್ ಮಾಡುವಾಗ ತೌಡಿನೊಂದಿಗೆ ಪೊಟ್ಯಾಸಿಯಂ ಹೊರಟುಹೋಗಿರುತ್ತದೆ.

ಹಾಗಾದರೆ ಬೇಳೆ ಬಿಟ್ಟು ಬರೀ ಅನ್ನ ಉಂಡರೆ ಲಾಭವೇ? ಇಲ್ಲ.

ವಯಸ್ಕರ ದೇಹದಲ್ಲಿ ಸುಮಾರು 140 ಗ್ರಾಂ ಪೊಟ್ಯಾಸಿಯಂ ಸದಾ ಇರುತ್ತದೆ. ಹೃದಯದ ಬಡಿತಕ್ಕೆ, ನರಗಳ ಸಂದೇಶಕ್ಕೆ ಅದು ಬೇಕೇ ಬೇಕು. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಹೀಗಾಗಿ ಡಜನ್ ಬಾಳೆಹಣ್ಣು ತಿಂದರೂ ಒಳಗಿನ ನಾಲ್ಕು ಸಾವಿರಕ್ಕೂ ಹೆಚ್ಚಿನ ಬೆಕ್ಕೆರೆಲ್ ಲೆಕ್ಕ ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತದೆ. ಇದರಿಂದ ವರ್ಷಕ್ಕೆ ತಗಲುವುದು ಸುಮಾರು 0.17 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಆಹಾರದ ಎಲ್ಲ ನೈಸರ್ಗಿಕ ವಿಕಿರಣ ಸೇರಿಸಿದರೂ ಜಾಗತಿಕ ಸರಾಸರಿ 0.3ರ ಹತ್ತಿರ. ಅದರಲ್ಲಿ ಮೀನು, ಸಿಗಡಿಗಳ ಮೂಲಕ ಬರುವ ಪೊಲೊನಿಯಂ-210ರ ಪಾಲೂ ಇದೆ. ಬೀಡಿ, ಸಿಗರೇಟಿನ ಹೊಗೆಸೊಪ್ಪಿನಲ್ಲಿಯೂ ಇದೇ ಪೊಲೊನಿಯಂ ಇರುತ್ತದೆ.

ಕರ್ನಾಟಕದಲ್ಲಿ ಇಂಥ ಅಳತೆಯ ಪರಂಪರೆ ಗಟ್ಟಿಯಾದದ್ದು ಕರಾವಳಿಯಲ್ಲಿ. ಕೈಗಾ ಅಣುಸ್ಥಾವರದಲ್ಲಿ 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರುವಾಗುವ ಮೊದಲೇ ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಪರಿಸರದ ಸಹಜ ವಿಕಿರಣವನ್ನು ಅಳೆದಿದ್ದರು. ಮೊದಲು ಎಷ್ಟಿತ್ತು ಎಂಬುದು ಗೊತ್ತಿಲ್ಲದಿದ್ದರೆ ಆಮೇಲೆ ಹೆಚ್ಚಾಯಿತೋ ಇಲ್ಲವೋ ಎಂದು ಹೇಳುವುದಾದರೂ ಹೇಗೆ?

ಊಟಕ್ಕಿಂತ ದೊಡ್ಡ ಪಾಲು ಗಾಳಿಯದು. ಜಗತ್ತಿನಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನೈಸರ್ಗಿಕ ವಿಕಿರಣ ತಗಲಿದರೆ, ಅರ್ಧದಷ್ಟು ರೇಡಾನ್ ಅನಿಲದ್ದು. ಬಳ್ಳಾರಿ ಗುಡ್ಡ, ಕುರುಗೋಡಿನ ಬೆಟ್ಟಗಳಲ್ಲಿರುವಂಥ ಗ್ರಾನೈಟ್ ಶಿಲೆಗಳಲ್ಲಿ ಸಾಮಾನ್ಯವಾಗಿ ಯುರೇನಿಯಂ, ಥೋರಿಯಂ ತುಸು ಹೆಚ್ಚು. ಯುರೇನಿಯಂ ಕ್ಷಯಿಸುತ್ತಾ ಹೋದಂತೆ ರೇಡಾನ್ ಹುಟ್ಟಿ, ನೆಲದ ಬಿರುಕಿನಿಂದ ಮೇಲೇರಿ, ಗಾಳಿಯಾಡದ ಕೋಣೆಯಲ್ಲಿ ಸೇರಿಕೊಳ್ಳುತ್ತದೆ. ಕಿಟಕಿ ತೆರೆದಿಟ್ಟರೆ ಬಹುಪಾಲು ಚದುರಿಹೋಗುತ್ತದೆ.

ಬಂಡೆ ಸೀಳಿದ ಕೊಳವೆಬಾವಿಯ ನೀರಿಗೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಕರಗಿದ ಯುರೇನಿಯಂನಿಂದ ಮೂತ್ರಪಿಂಡಕ್ಕೆ ಅಪಾಯ, ಅದೂ ವಿಕಿರಣಕ್ಕಿಂತ ರಾಸಾಯನಿಕ ವಿಷವಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ನೀರು ಕುದಿಸಿದರೆ ಅದು ಹೋಗುವುದಿಲ್ಲ. ಆರ್‌ಒ ಯಂತ್ರ ಬಹುಪಾಲನ್ನು ತೆಗೆಯಬಲ್ಲದು.