ಕೀಲು ಸೊಟ್ಟಗಾಗುವ ಮುನ್ನ

ಆಮ್‌ಸ್ಟರ್‌ಡ್ಯಾಂನ ರಕ್ತನಿಧಿಯಲ್ಲಿ ದಾನಿಗಳ ರಕ್ತದ ಮಾದರಿಗಳನ್ನು ವರ್ಷಗಟ್ಟಲೆ ಶೈತ್ಯಾಗಾರದಲ್ಲಿ ಕಾಪಿಟ್ಟಿದ್ದರು. ಹಾಗೆ ರಕ್ತ ಕೊಟ್ಟವರ ಪೈಕಿ 79 ಮಂದಿಗೆ ಮುಂದೆ ರುಮಟಾಯ್ಡ್ ಸಂಧಿವಾತ ಬಂತು. ಸಂಶೋಧಕರು ಅವರ ಹಳೆಯ ಮಾದರಿಗಳನ್ನು ಹೊರತೆಗೆದು ಪರೀಕ್ಷಿಸಿದರು. ಒಂದು ಕೀಲೂ ನೋಯದೆ, ಗಟ್ಟಿಮುಟ್ಟಾಗಿದ್ದೇವೆ ಎಂದುಕೊಂಡು ತೋಳು ಚಾಚಿದ್ದ ದಿನಗಳ ರಕ್ತ ಅದು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ರಕ್ತದಲ್ಲಿ ಈ ರೋಗದ ಪ್ರತಿಕಾಯಗಳು ಆಗಲೇ ಇದ್ದವು. ಕೆಲವರಲ್ಲಿ ಒಂದೆರಡು ವರ್ಷ ಮೊದಲು, ಇನ್ನು ಕೆಲವರಲ್ಲಿ ಹತ್ತು ವರ್ಷಕ್ಕೂ ಮೊದಲು.

2004ರಲ್ಲಿ ಪ್ರಕಟವಾದ ಈ ಅಧ್ಯಯನ ವೈದ್ಯರ ಮುಂದೆ ಹೊಸ ಪ್ರಶ್ನೆಯೊಂದನ್ನು ಇಟ್ಟಿತು. ಬೆರಳು ಊದಿಕೊಳ್ಳುವುದು ರೋಗದ ಆರಂಭವೇ ಅಲ್ಲ ಎಂದಾದರೆ, ಆರಂಭ ಇರುವುದೆಲ್ಲಿ? ಅಲ್ಲೇ ಹೋಗಿ ಅದನ್ನು ತಡೆಯಲು ಸಾಧ್ಯವೇ?

ಕೀಲು ಸವೆತದಿಂದ ಬರುವ ಮಂಡಿನೋವೇ ಬೇರೆ, ಈ ಸಂಧಿವಾತವೇ ಬೇರೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಪೊರೆ ದಪ್ಪಗಾಗುತ್ತದೆ, ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತ ಹೋಗುತ್ತದೆ. ಶ್ವಾಸಕೋಶ, ಕಣ್ಣು, ರಕ್ತನಾಳಗಳನ್ನೂ ಅದು ಬಿಡುವುದಿಲ್ಲ. ದೆಹಲಿ ಬಳಿಯ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 0.75ರಷ್ಟು ಜನರಿಗೆ ಈ ಕಾಯಿಲೆ ಇತ್ತು. ಪ್ರಮಾಣ ಸಣ್ಣದು ಅನ್ನಿಸಬಹುದು. ನಮ್ಮ ಜನಸಂಖ್ಯೆಗೆ ಹಿಡಿದು ನೋಡಿದರೆ ಇದು ಲಕ್ಷ ಲಕ್ಷ ಮನೆಗಳ ಮಾತು. ರೋಗಿಗಳಲ್ಲಿ ಗಂಡಸರಿಗಿಂತ ಹೆಂಗಸರು ಎರಡು ಮೂರು ಪಟ್ಟು ಹೆಚ್ಚು.

ಆರಂಭಕ್ಕೂ ಮೊದಲೇ ತಡೆಯುವ ಪ್ರಯತ್ನ ಕಳೆದ ಕೆಲವು ವರ್ಷಗಳಲ್ಲಿ ಜೋರಾಗಿ ನಡೆದಿದೆ. ಮೊದಲ ಫಲಿತಾಂಶಗಳು ನಿರಾಸೆ ತಂದವು. ನೆದರ್ಲೆಂಡ್ಸ್‌ನಲ್ಲಿ, ಕೀಲುನೋವಿದ್ದರೂ ಊತ ಇನ್ನೂ ಕಾಣಿಸದ 236 ಮಂದಿಯನ್ನು ಆರಿಸಿ, ಅರ್ಧ ಜನಕ್ಕೆ ಈ ರೋಗದ ಹಳೆಯ ಔಷಧವಾದ ಮೆಥೊಟ್ರೆಕ್ಸೇಟನ್ನು ಒಂದು ವರ್ಷ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. 2022ರಲ್ಲಿ ಹೊರಬಂದ ಫಲಿತಾಂಶ ಹೇಳಿದ್ದಿಷ್ಟು: ಎರಡು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮಾನ ಸಂಖ್ಯೆಯ ಜನರಿಗೆ ಸಂಧಿವಾತ ಬಂದಿತ್ತು. ಆದರೆ ಮದ್ದು ತಿಂದವರಿಗೆ ನೋವು, ಬೆಳಗಿನ ಬಿಗಿತ ಕಡಿಮೆಯಿತ್ತು. ದಿನನಿತ್ಯದ ಕೆಲಸ ಹಗುರವಾಗಿತ್ತು, ಸ್ಕ್ಯಾನ್‌ನಲ್ಲಿ ಕಾಣುವ ಉರಿಯೂತವೂ ತಗ್ಗಿತ್ತು. ಸೋಲು ಎಂದು ಪಕ್ಕಕ್ಕಿಡುವಂಥದ್ದಲ್ಲ ಇದು ಎಂದೇ ನನ್ನ ಭಾವನೆ.

2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಎರಡು ಅಧ್ಯಯನಗಳು ಇನ್ನಷ್ಟು ಮುಂದೆ ಹೋದವು. ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ 213 ಮಂದಿಯ ಮೇಲೆ ನಡೆದ ಪ್ರಯೋಗದ ಔಷಧ ಅಬಟಾಸೆಪ್ಟ್. ಪ್ರತಿಕಾಯಗಳೂ ಕೀಲುನೋವೂ ಇದ್ದು ಊತ ಬಾರದವರಿಗೆ ವಾರಕ್ಕೊಂದರಂತೆ ಒಂದು ವರ್ಷ ಚುಚ್ಚುಮದ್ದು. ಆ ವರ್ಷದಲ್ಲಿ ಔಷಧ ಪಡೆದವರಲ್ಲಿ ಶೇ 6 ಮಂದಿಗೆ ರೋಗ ಬಂತು, ಪಡೆಯದವರಲ್ಲಿ ಶೇ 29 ಮಂದಿಗೆ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಅಂತರ ಕಿರಿದಾಗುತ್ತ ಬಂತು. ಎರಡನೇ ವರ್ಷದ ಕೊನೆಗೆ ಲೆಕ್ಕ ಶೇ 25 ಮತ್ತು ಶೇ 37ಕ್ಕೆ ಬಂದು ನಿಂತಿತು. ಯುರೋಪಿನ ಇನ್ನೊಂದು ಪ್ರಯೋಗದಲ್ಲಿ ಆರೇ ತಿಂಗಳು ಇದೇ ಔಷಧ ಕೊಟ್ಟರು. ಅಲ್ಲಿ ಚಿಕಿತ್ಸೆ ನಿಂತು ಒಂದು ವರ್ಷವಾದ ಮೇಲೂ ಅಂತರ ಉಳಿದಿತ್ತು.

ಅಂದರೆ ರೋಗವನ್ನು ಮುಂದೂಡಬಹುದು. ಪೂರ್ತಿ ತಡೆಯಬಹುದೇ ಎಂಬುದಿನ್ನೂ ತೀರ್ಮಾನವಾಗಿಲ್ಲ. ಇಲ್ಲೊಂದು ಕಷ್ಟದ ಪ್ರಶ್ನೆಯೂ ಇದೆ. ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಔಷಧ ಪಡೆಯದವರಲ್ಲೂ ಎರಡು ವರ್ಷದೊಳಗೆ ರೋಗ ಬಂದದ್ದು ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಮಾತ್ರ. ಉಳಿದಿಬ್ಬರಿಗೆ ಇಷ್ಟು ದುಬಾರಿಯ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುವುದು ಸರಿಯೇ? ಯಾರಿಗೆ ಬರುತ್ತದೆ, ಯಾರಿಗೆ ಬಾರದು ಎಂದು ಮೊದಲೇ ಗುರುತಿಸುವ ಕೆಲಸವೇ ಈಗ ಸಂಶೋಧಕರ ಮುಂದಿರುವ ದೊಡ್ಡ ಸವಾಲು. ಒಂದಂತೂ ಗೊತ್ತಾಗಿದೆ. ಬೀಡಿ, ಸಿಗರೇಟಿನ ಹೊಗೆ ಈ ಪ್ರತಿಕಾಯಗಳ ಹುಟ್ಟಿಗೆ ನೆರವಾಗುತ್ತದೆ. ವಸಡಿನ ಕಾಯಿಲೆಗೂ ಇದಕ್ಕೂ ನಂಟಿದೆ ಎನ್ನುವ ಪುರಾವೆ ಬೆಳೆಯುತ್ತಿದೆ. ಕಲ್ಲು ಒಡೆಯುವವರ ಎದೆಗೆ ಇಳಿಯುವ ಸಿಲಿಕಾ ದೂಳನ್ನೂ ಸ್ವೀಡನ್ನಿನ ಅಧ್ಯಯನಗಳು ಅಪಾಯದ ಪಟ್ಟಿಗೆ ಸೇರಿಸಿವೆ.

ಇಷ್ಟೆಲ್ಲ ಓದಿದ ಮೇಲೂ, ನಮ್ಮ ನಾಡಿನ ರೋಗಿಗೆ ಎಲ್ಲಕ್ಕಿಂತ ಹತ್ತಿರದ್ದು ಇಪ್ಪತ್ತು ವರ್ಷಕ್ಕೂ ಹಳೆಯ ಪ್ರಯೋಗವೊಂದು ಎಂದೇ ನನಗೆ ಅನ್ನಿಸುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಅದು ನಡೆಯಿತು, 2004ರಲ್ಲಿ ಪ್ರಕಟವಾಯಿತು. 110 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾಡಿಕೆಯಂತೆ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂತು. ಇನ್ನೊಂದು ಗುಂಪನ್ನು ತಿಂಗಳು ತಿಂಗಳೂ ಕರೆಸಿಕೊಂಡರು. ಪ್ರತಿ ಸಲವೂ ಊದಿದ ಕೀಲೆಷ್ಟು, ಒತ್ತಿದರೆ ನೋಯುವ ಕೀಲೆಷ್ಟು, ರಕ್ತದಲ್ಲಿ ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಎಷ್ಟು ಎಂದು ಎಣಿಸಿ ಅಂಕ ಹಾಕಿದರು. ಅಂಕ ಗುರಿಗಿಂತ ಮೇಲಿದ್ದರೆ ಅವತ್ತೇ ಔಷಧದ ಪ್ರಮಾಣ ಏರಿಸಿದರು, ಇಲ್ಲವೇ ಮತ್ತೊಂದನ್ನು ಜೊತೆಗೂಡಿಸಿದರು, ಊದಿದ ಕೀಲಿಗೆ ಸ್ಟೀರಾಯ್ಡ್ ಚುಚ್ಚಿದರು. ಹೊಸ ಔಷಧ ಒಂದೂ ಇರಲಿಲ್ಲ. ಒಂದೂವರೆ ವರ್ಷದ ಕೊನೆಗೆ ವಾಡಿಕೆಯ ಗುಂಪಿನಲ್ಲಿ ರೋಗ ಶಮನವಾದವರು ಶೇ 16. ಬೆನ್ನು ಬಿಡದೆ ನೋಡಿಕೊಂಡ ಗುಂಪಿನಲ್ಲಿ ಶೇ 65. ಒಟ್ಟು ಖರ್ಚೇನೂ ಹೆಚ್ಚಾಗಲಿಲ್ಲ.

ಆ ಹಳೆಯ ಔಷಧಗಳಲ್ಲಿ ಮುಖ್ಯವಾದ ಮೆಥೊಟ್ರೆಕ್ಸೇಟ್‌ನ ಮೂಲದಲ್ಲಿ ತೆಲುಗು ನಾಡಿನವರೊಬ್ಬರಿದ್ದಾರೆ. ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡ ಫೋಲಿಕ್ ಆಮ್ಲದ ಕೆಲಸಕ್ಕೆ ತಡೆಯೊಡ್ಡುವ ರಾಸಾಯನಿಕಗಳನ್ನು ತಯಾರಿಸಿತು. ಅವು ಮೊದಲು ಬಳಕೆಗೆ ಬಂದದ್ದು ಮಕ್ಕಳ ರಕ್ತ ಕ್ಯಾನ್ಸರಿಗೆ. ಸುಬ್ಬರಾವ್ 1948ರ ಆಗಸ್ಟ್‌ನಲ್ಲಿ ತೀರಿಕೊಂಡರು. ಮರುತಿಂಗಳೇ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ವೈದ್ಯ ಫಿಲಿಪ್ ಹೆಂಚ್ ಹಾಸಿಗೆ ಹಿಡಿದಿದ್ದ ಸಂಧಿವಾತ ರೋಗಿಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್‌ಗೆ ನೊಬೆಲ್ ಬಂತು. ಕಾರ್ಟಿಸೋನ್‌ನ ಅಡ್ಡಪರಿಣಾಮಗಳು ಬಯಲಾದ ಮೇಲೆ ಆ ಸಂಭ್ರಮ ಇಳಿಯಿತು. ಸದ್ದಿಲ್ಲದೆ ಗೆದ್ದದ್ದು ಸುಬ್ಬರಾವ್ ತಂಡದ ಔಷಧ. ಕ್ಯಾನ್ಸರಿಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ ಕೊಟ್ಟರೆ ಸಂಧಿವಾತ ಹತೋಟಿಗೆ ಬರುತ್ತದೆ ಎಂದು 1985ರಲ್ಲಿ ಖಚಿತವಾಯಿತು. ಇವತ್ತಿಗೂ ಪ್ರಪಂಚದ ಯಾವ ಮೂಲೆಯಲ್ಲಾದರೂ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದು ಇದನ್ನೇ. ನಮ್ಮಲ್ಲಿ ಅಗ್ಗವಾಗಿಯೂ ಸಿಗುತ್ತದೆ.

ವಾರಕ್ಕೊಂದೇ ದಿನ ಎಂಬುದನ್ನು ಒತ್ತಿ ಹೇಳಬೇಕು. ಬಿಪಿ, ಸಕ್ಕರೆ ಮಾತ್ರೆಯ ಹಾಗೆ ದಿನಾ ನುಂಗಿದವರಿಗೆ ಬಾಯಿ ತುಂಬ ಹುಣ್ಣಾಗಿದೆ, ರಕ್ತಕಣಗಳು ಕುಸಿದಿವೆ, ಪ್ರಾಣವೂ ಹೋಗಿದೆ. ಚೀಟಿಯ ಮೇಲೆ ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆದು, ಓದಿ ಹೇಳಿಸಿ ಕಳಿಸುವ ವೈದ್ಯರನ್ನು ನಾನು ಕಂಡಿದ್ದೇನೆ. ಔಷಧ ಅಂಗಡಿಯವರೂ ಇಷ್ಟು ಮಾಡಬೇಕು. ಜೊತೆಗೆ ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ ಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಫೋಲಿಕ್ ಆಮ್ಲ ಎಷ್ಟು ಬೇಕು ಎಂಬುದಕ್ಕೆ ಉತ್ತರ ಕೊಟ್ಟದ್ದು ಚಂಡೀಗಢದ ಪಿಜಿಐ ಆಸ್ಪತ್ರೆ. ವಾರಕ್ಕೆ 10 ಮಿಲಿಗ್ರಾಂ, 30 ಮಿಲಿಗ್ರಾಂ ಎರಡನ್ನೂ ಹೋಲಿಸಿ ನೋಡಿ, ಹೆಚ್ಚು ಕೊಟ್ಟರೆ ಹೆಚ್ಚು ಲಾಭವಿಲ್ಲ ಎಂದು ಅಲ್ಲಿನ ವೈದ್ಯರು ತೋರಿಸಿದರು. ಕೋವಿಡ್ ಕಾಲದಲ್ಲಿ ಕೊಚ್ಚಿಯ ವೈದ್ಯರ ತಂಡವೂ ಇಂಥದ್ದೇ ಉಪಕಾರ ಮಾಡಿತು. ಲಸಿಕೆಯ ನಂತರ ಎರಡು ವಾರ ಮೆಥೊಟ್ರೆಕ್ಸೇಟ್ ನಿಲ್ಲಿಸಿದರೆ ಪ್ರತಿಕಾಯಗಳು ಚೆನ್ನಾಗಿ ಹುಟ್ಟುತ್ತವೆ ಎಂದು ಆ ತಂಡ ಕಂಡುಕೊಂಡಿತು. ಬ್ರಿಟನ್ನಿನ ಪ್ರಯೋಗವೂ ಅದನ್ನೇ ಹೇಳಿತು. ಇಂಥ ಸಂಶೋಧನೆಗೆ ಕೋಟಿಗಟ್ಟಲೆ ಹಣ ಬೇಡ. ನಮ್ಮ ರೋಗಿಗಳ ಪ್ರಶ್ನೆಯನ್ನು ನಮ್ಮವರೇ ಕೇಳಿಕೊಂಡರೆ ಸಾಕು.

ಆಯುರ್ವೇದದ ಮಾತು ಬಂದೇ ಬರುತ್ತದೆ. ಕೊಯಮತ್ತೂರಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 43 ರೋಗಿಗಳನ್ನು ಮೂರು ಗುಂಪು ಮಾಡಿ ಮೆಥೊಟ್ರೆಕ್ಸೇಟ್, ಆಯುರ್ವೇದ, ಎರಡೂ ಸೇರಿ ಎಂದು 36 ವಾರ ಕೊಟ್ಟರು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ಫಲ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಬಂತು. ನಲವತ್ಮೂರು ಮಂದಿಯಿಂದ ತೀರ್ಪು ಕೊಡಲಾಗದು. ಇಷ್ಟೇ ಶಿಸ್ತಿನಲ್ಲಿ ನಾಲ್ಕುನೂರು ಮಂದಿಯ ಮೇಲೆ ಅದನ್ನು ಮಾಡಿ ನೋಡಬೇಕಾದ ದೇಶ ನಮ್ಮದೇ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ‘ವಾತದ ಪುಡಿ’ ಮಾತ್ರ ಬೇರೆ ಕತೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಪ್ರಸಂಗಗಳು ಹೊಸತೇನಲ್ಲ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಕ್ಕಿಂತ ಅನುಮಾನ ಪಡುವುದು ಲೇಸು.

ದುಬಾರಿ ಔಷಧಗಳ ಕಡೆಯೂ ಒಂದು ನೋಟ ಹಾಯಿಸಬೇಕು. ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನಾದಲ್ಲಿ ಹುಟ್ಟಿದ ರವೀಂದರ್ ಮೈನಿ ಅವರು ಟಿಎನ್‌ಎಫ್ ಎಂಬ ಒಂದೇ ಪ್ರೋಟೀನನ್ನು ತಡೆದರೆ ಉರಿಯೂತದ ಸರಪಳಿಯೇ ಕಡಿಯುತ್ತದೆ ಎಂದು 1990ರ ದಶಕದಲ್ಲಿ ತೋರಿಸಿದರು. ಬಯೊಲಾಜಿಕ್ ಔಷಧಗಳ ಯುಗ ಶುರುವಾದದ್ದು ಅಲ್ಲಿಂದ. ಅವುಗಳಲ್ಲೊಂದಾದ ಅಡಲಿಮುಮಾಬ್‌ನ ಮೊದಲ ಪ್ರತಿರೂಪ 2014ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದದ್ದು ನಮ್ಮ ದೇಶದಲ್ಲೇ. ಆಮೇಲೆ ನುಂಗುವ ಮಾತ್ರೆಯ ರೂಪದಲ್ಲಿ ಟೊಫಾಸಿಟಿನಿಬ್ ಬಂತು. ಚುಚ್ಚುವ ತಾಪತ್ರಯವಿಲ್ಲ ಎಂದು ಎಲ್ಲರೂ ಮೆಚ್ಚಿದರು. 2022ರ ಜನವರಿಯಲ್ಲಿ, 50 ದಾಟಿದ, ಹೃದ್ರೋಗದ ಅಪಾಯವಿರುವ 4,362 ರೋಗಿಗಳ ಅಧ್ಯಯನ ಎಚ್ಚರಿಕೆಯ ಗಂಟೆ ಬಾರಿಸಿತು. ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡ ಟಿಎನ್‌ಎಫ್ ತಡೆಯುವ ಔಷಧ ಪಡೆದವರಲ್ಲಿ ಶೇ 2.5, ಈ ಮಾತ್ರೆ ತಿಂದವರಲ್ಲಿ ಶೇ 3.4. ಕ್ಯಾನ್ಸರ್ ಶೇ 2.9 ಮತ್ತು ಶೇ 4.2. ಮಾತ್ರೆ ಕೆಟ್ಟದ್ದೆಂದಲ್ಲ, ಬೀಡಿ ಸೇದುವ ಅರವತ್ತರ ರೋಗಿಗೂ ಮೂವತ್ತರ ಯುವತಿಗೂ ಒಂದೇ ಚೀಟಿ ಬರೆಯಕೂಡದು ಎಂದು ಇದರರ್ಥ. ನಮ್ಮಲ್ಲಿ ಈ ಮಾತ್ರೆಯ ಅಗ್ಗದ ಪ್ರತಿರೂಪಗಳು ಸಿಗುತ್ತಿರುವುದರಿಂದ ಈ ಎಚ್ಚರ ನಮಗೇ ಹೆಚ್ಚು ಬೇಕು.

ನಂಟಿನ ಕಾಯಿಲೆಯಾದ ಲೂಪಸ್‌ನಲ್ಲಿ ಬೆರಗು ಹುಟ್ಟಿಸುವಂಥದ್ದು ನಡೆದಿದೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗಿಯೋರ್ಗ್ ಶೆಟ್ ಅವರ ತಂಡ, ಕ್ಯಾನ್ಸರಿಗೆ ಬಳಸುವ ಕಾರ್-ಟಿ ಕೋಶ ಚಿಕಿತ್ಸೆಯನ್ನು ಯಾವ ಔಷಧಕ್ಕೂ ಬಗ್ಗದ ರೋಗಿಗಳಿಗೆ ಕೊಟ್ಟಿತು. ರೋಗಿಯದೇ ಕೋಶಗಳನ್ನು ತೆಗೆದು, ತಿದ್ದಿ, ಮರಳಿ ದೇಹಕ್ಕೆ ಬಿಡುವ ವಿಧಾನ ಇದು. 2024ರಲ್ಲಿ ವರದಿಯಾದ 15 ಮಂದಿಯಲ್ಲಿ ಎಂಟು ಮಂದಿ ಲೂಪಸ್ ರೋಗಿಗಳು. ಎಂಟೂ ಮಂದಿಗೆ ರೋಗ ಶಮನವಾಯಿತು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳನ್ನು ಎಲ್ಲರೂ ಬಿಟ್ಟರು.

ಆ ಪ್ರಯೋಗಾಲಯದಿಂದ ನಮ್ಮ ಬೀದಿಗೆ ಬಂದರೆ ಚಿತ್ರವೇ ಬೇರೆ. ನನಗೆ ಗೊತ್ತಿರುವ ಹೂ ಮಾರುವ ಹೆಂಗಸೊಬ್ಬರಿಗೆ ಬೆಳಗ್ಗೆ ಎದ್ದ ಕೂಡಲೇ ಬೆರಳು ಮಡಚಲಾಗುತ್ತಿರಲಿಲ್ಲ. ಮಲ್ಲಿಗೆಯ ತೊಟ್ಟಿಗೆ ದಾರ ಸುತ್ತಿ ಬಿಗಿಯಲು ಬೇಕಾದ ಹಿಡಿತವೇ ಹೋಗಿತ್ತು. ಬಿಸಿನೀರಿನಲ್ಲಿ ಕೈ ಅದ್ದಿಟ್ಟುಕೊಂಡು, ಹತ್ತು ಗಂಟೆಯ ಹೊತ್ತಿಗೆ ಬೆರಳು ಸಡಿಲವಾದ ಮೇಲೆ ಕಟ್ಟಲು ಕೂರುತ್ತಿದ್ದರು. ಚಿಕುನ್‌ಗುನ್ಯ ಬಂದು ಹೋದದ್ದರ ಶೇಷ ಎಂದರು ಕೆಲವರು, ಯೂರಿಕ್ ಆಸಿಡ್ ಎಂದರು ಇನ್ನು ಕೆಲವರು. ವರ್ಷಗಳೇ ನೋವಿನ ಮಾತ್ರೆಯಲ್ಲಿ ಕಳೆದವು. ರುಮಟಾಲಜಿ ತಜ್ಞರ ಬಳಿ ಹೋಗುವ ಹೊತ್ತಿಗೆ ಎಡಗೈಯ ಎರಡು ಬೆರಳು ಹೊರಕ್ಕೆ ವಾಲಿದ್ದವು. ಔಷಧದಿಂದ ನೋವು ಹೋಯಿತು, ವಾಲಿದ ಬೆರಳು ನೇರವಾಗಲಿಲ್ಲ.

ಚಿಕುನ್‌ಗುನ್ಯದ ಗೊಂದಲ ಸಹಜವೇ. 2006ರ ಹಾವಳಿಯಲ್ಲಿ ಕರ್ನಾಟಕದಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಆ ಜ್ವರದ ನೋವು ತಿಂಗಳುಗಟ್ಟಲೆ ಉಳಿಯುವುದೂ ನಿಜ. ಆದರೆ ಗುರುತಿಸುವುದು ಅಸಾಧ್ಯವೇನಲ್ಲ. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆಯಾದರೂ ಬಿಡದಿರುವುದು, ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಳ್ಳುವುದು, ಕೈ ಕುಲುಕಿದಾಗ ಬೆರಳಿನ ಬುಡದಲ್ಲಿ ಪ್ರಾಣ ಹೋಗುವಷ್ಟು ನೋವಾಗುವುದು, ಆರು ವಾರವಾದರೂ ಇಳಿಯದಿರುವುದು. ತಾಲ್ಲೂಕಿನ ವೈದ್ಯರು ಬೆರಳ ಬುಡದ ಕೀಲುಗಳನ್ನು ಅಡ್ಡಲಾಗಿ ಒಮ್ಮೆ ಒತ್ತಿ ನೋಡಿದರೆ ಅರ್ಧ ಸುಳಿವು ಸಿಕ್ಕಂತೆ. ರಕ್ತ ಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರ್ ಎಂಬ ಪ್ರತಿಕಾಯ ಇಲ್ಲ ಎಂದು ಬಂದರೂ ರೋಗ ಇರಬಹುದು, ಇದೆ ಎಂದು ಬಂದರೂ ಇಲ್ಲದಿರಬಹುದು. ಕಾಗದಕ್ಕಿಂತ ಕೈ ನೋಡುವುದು ಮುಖ್ಯ.

ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ಮನೆಯಲ್ಲಿ ಈ ರೋಗವನ್ನು ಮುಚ್ಚಿಡುತ್ತಾರೆ. ಮದುವೆಯಾದ ಮೇಲೆ ಮಗುವಿಗೆ ತೊಂದರೆಯಾದೀತೆಂದು ಹೆದರಿ ಎಲ್ಲ ಔಷಧವನ್ನೂ ಒಮ್ಮೆಗೇ ಬಿಟ್ಟುಬಿಡುತ್ತಾರೆ. ಮೆಥೊಟ್ರೆಕ್ಸೇಟನ್ನು ಗರ್ಭ ಧರಿಸುವುದಕ್ಕೆ ಮೊದಲೇ, ವೈದ್ಯರು ಹೇಳಿದಷ್ಟು ತಿಂಗಳು ಮುಂಚಿತವಾಗಿ ನಿಲ್ಲಿಸಲೇಬೇಕು. ಆದರೆ ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್‌ನಂಥ ಮಾತ್ರೆಗಳನ್ನು ವೈದ್ಯರ ನಿಗಾದಲ್ಲಿ, ಬಸಿರಿನ ಉದ್ದಕ್ಕೂ, ಹಾಲೂಡಿಸುವಾಗಲೂ ಮುಂದುವರಿಸಬಹುದು.